ಚಪ್ಪಲಿ ಕಾಯುವವಳು

ಟೈಲರಕ್ಕನಿಗೆ ಐವತ್ತೊಂದು ವರ್ಷ. ಅಷ್ಟೂ ವರ್ಷ ನೀರಿನ ಹತ್ತಿರ ಅವಳಿಗಿದ್ದದ್ದು ಒಂದೇ ಕೆಲಸ: ತಂಗಿ ಈಜುವಾಗ ದಡದಲ್ಲಿ ಕೂತು ಅವಳ ಬಟ್ಟೆ, ಚಪ್ಪಲಿ ಕಾಯುವುದು. ಈ ಕಾವಲು ಇನ್ನು ಸಾಕಪ್ಪಾ ಎನಿಸಿ ಒಂದು ದಿನ ಈಜುಕೊಳದ ಹೊಸಬರ ತರಗತಿಗೆ ಸೇರಿಯೇಬಿಟ್ಟಳು. ಎರಡು ತಿಂಗಳ ಕೊನೆಗೆ ಪರೀಕ್ಷೆ. ಕೊಳದ ಅಗಲ ದಾಟಿದವರು ಆಳದ ಕಡೆಗೆ, ದಾಟದವರು ಮತ್ತೆ ಮೊದಲಿಂದ.

ಅಯ್ಯೋ, ಅವಳ ಉತ್ಸಾಹವೇ! ದಿನಾ ಅಂಗಡಿ ಬಾಗಿಲು ಹಾಕಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲು ಮಲಗಿ ಕೈ ಬೀಸಿದ್ದೇ ಬೀಸಿದ್ದು. ಮೇಜಿನ ಎಡಕ್ಕೆ ಗೋಡೆ. ಹಾಗಾಗಿ ಬೀಸಿದ್ದೆಲ್ಲ ಬಲಗೈಯೇ. ಮೂರು ವಾರ ಕಳೆದು ನೀರಲ್ಲಿ ನೋಡಿದರೆ, ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತಾಳೆ! ಮೂರನೇ ಸುತ್ತಿಗೆ ಬಲಭುಜ ಚಳಕ್ಕೆಂದಿತು.

“ಹೇಗಾಯ್ತಮ್ಮಾ ಇದು?” ಡಾಕ್ಟರು ಕೇಳಿದರು.

“ಮೇಜಿನ ಮೇಲೆ ಈಜ್ತಿದ್ದೆ.”

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. “ಎರಡು ವಾರ ನೀರು ಬೇಡ. ಆಮೇಲೆ ಕಾಲು ಬೇಕಾದಷ್ಟು ಬಡೀರಿ. ಈ ಕೈ ಮಾತ್ರ ಭುಜಕ್ಕಿಂತ ಮೇಲೆ ಎತ್ತಬಾರದು.”

ಪರೀಕ್ಷೆಗೆ ಉಳಿದದ್ದು ಐದೇ ವಾರ. ಮನೆಗೆ ಬಂದು ಜಡೆ ಹೆಣೆಯಲೂ ಆಗದೆ ಅತ್ತೇಬಿಟ್ಟಳು. ಬಾಚಣಿಗೆ ತೆಗೆದುಕೊಂಡು ತಂಗಿ ಛೇಡಿಸಿದಳು: “ಕುಣಿಯಲಾರದವಳಿಗೆ ನೆಲ ಡೊಂಕಂತೆ. ಹೋಗ್ಲಿ ಬಿಡಕ್ಕಾ, ಆರಾಮಾಗಿ ಚಪ್ಪಲಿ ನೋಡ್ಕೊಂಡು ಕೂತ್ಕೋ.” ಆ ಮಾತು ಭುಜಕ್ಕಿಂತ ಹೆಚ್ಚು ನೋಯಿಸಿತು.

ಎರಡು ವಾರದ ಮೇಲೆ ಕೊಳದಲ್ಲಿ ಕಲಿಸುವ ಹುಡುಗಿ ದಾರಿ ತೋರಿಸಿದಳು. “ಆಂಟಿ, ದಾಟ್ಬೇಕು ಅಂತ ಮಾತ್ರ ರೂಲ್ಸು. ಅಂಗಾತ ಮಲಗಿ, ಕಾಲು ಬಡೀತಾ ಹೋಗಿ.”

ಆದರೆ ಅಂಗಾತ ಹೋಗುವವಳಿಗೆ ದಡ ಕಾಣುವುದು ಹೇಗೆ? ಟೈಲರಕ್ಕ ಅಂಗಡಿಯಿಂದ ಟೇಪು ತಂದು ಕೊಳದ ಅಗಲ ಅಳೆದಳು. ಒಂದು ಒದೆತಕ್ಕೆ ಒಂದು ಗೇಣು. ಒಟ್ಟು ಎಪ್ಪತ್ತೆರಡು ಒದೆತ. ಕೊಳಕ್ಕೂ ಅಳತೆ ತೆಗೆದಳಲ್ಲಾ ಎಂದು ತರಗತಿಗೆ ತರಗತಿಯೇ ನಕ್ಕಿತು.

ಪರೀಕ್ಷೆಯ ದಿನ ತಂಗಿಯೂ ನೋಡಲು ಬಂದಳು. ಟೈಲರಕ್ಕ ತನ್ನ ಚೀಲ, ಚಪ್ಪಲಿಗಳನ್ನು ಅವಳಿಗೊಪ್ಪಿಸಿ, ನೀರಿಗೆ ಇಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಅಂಗಾತ ಮಲಗಿದಳು. ಬಲಗೈ ಹೊಟ್ಟೆಯ ಮೇಲೆ. ಹತ್ತು. ಇಪ್ಪತ್ತು. ಮೇಲೆ ಸೂರಿನ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ನಾನು ಹೋಗ್ತಿದೀನಿ! ನಲವತ್ತಕ್ಕೆ ನಗು ಉಕ್ಕಿತು, ನಕ್ಕದ್ದಕ್ಕೆ ಬಾಯಿಗೆ ನೀರು ನುಗ್ಗಿತು, ಕೆಮ್ಮುವಷ್ಟರಲ್ಲಿ ಲೆಕ್ಕ ತಪ್ಪಿತು. ಎಷ್ಟಾಯಿತು? ಐವತ್ತೋ, ಅರವತ್ತೋ? ಲೆಕ್ಕ ಹಾಳಾಗಲಿ ಎಂದು ಒದ್ದಳು, ಒದ್ದಳು, ಒದ್ದಳು.

ಠಪ್ಪೆಂದು ನೆತ್ತಿಗೆ ಗೋಡೆ ಬಡಿಯಿತು.

“ಅಕ್ಕಾ! ತಲೆ!” ಎಂದು ಕಿರುಚುತ್ತಾ ತಂಗಿ ದಡದುದ್ದಕ್ಕೂ ಓಡಿ ಬಂದಳು.

ಟೈಲರಕ್ಕ ಎಡಗೈಯಲ್ಲಿ ಅಂಚು ಹಿಡಿದು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು.

“ತಲೆ ಹಾಗಿರ್ಲಿ ಕಣೇ! ಅಲ್ಲಿ ನನ್ನ ಚಪ್ಪಲಿ ಕಾಯ್ತಿರೋದು ಯಾರು?”

ತಂಗಿ ತಿರುಗಿ ಚಪ್ಪಲಿಯ ಕಡೆಗೆ ಓಡಿದಳು.