ನಾಲ್ಕನೇ ಕೊಕ್ಕೆ

ಗೋಡೆ ದೂರ ಸರಿದಿದೆ, ಇಲ್ಲ, ಗೋಡೆಗೇನು ಕಾಲು ಬಂದಿದೆಯೇ, ನನ್ನ ಮಂಚವನ್ನೇ ಈಚೆ ಎಳೆದಿದ್ದಾರೆ, ಮೂಗಿಗೆ ತಾಗುತ್ತಿದ್ದ ಸುಣ್ಣದ ವಾಸನೆ ಇಲ್ಲ, ಬಲಗಡೆಯಿಂದ ಗಾಳಿ ಬರುತ್ತಿದೆ, ಅಂದರೆ ಇವತ್ತು ಸರ್ಕಾರದವರ ತಪಾಸಣೆ — ಕೋಣೆಯಲ್ಲಿ ತುರುಕಿದ್ದ ಹೆಚ್ಚುವರಿ ಮಂಚ ಉಗ್ರಾಣಕ್ಕೆ ಹೋಗಿರಬೇಕು, ಅದರ ಮೇಲಿದ್ದ ಮುದುಕಿ? ಅವಳನ್ನೂ ಅಲ್ಲೇ ಇಟ್ಟಿರುತ್ತಾರೆ, ಬಕೆಟ್ಟು ಪೊರಕೆಗಳ ಜೊತೆ, ಪಾಪ ಅನ್ನಬೇಕೇನೋ, ಅನ್ನಿಸುತ್ತಿಲ್ಲ, ಅವಳ ಗೊರಕೆಯನ್ನು ಪೊರಕೆಗಳೂ ಸ್ವಲ್ಪ ಕೇಳಿಸಿಕೊಳ್ಳಲಿ. ನನ್ನ ಮಗಳು ಈ ವೃದ್ಧಾಶ್ರಮ ಗೊತ್ತುಮಾಡಿದ್ದೇ ಮೂಲೆಯಲ್ಲಿರುವ ಯಂತ್ರ ನೋಡಿ, ಇಲ್ಲಿ ಕೈ ಹಾಕಿ ಎತ್ತಲ್ಲ ಕಣಮ್ಮ, ಮೆಷಿನ್ನೇ ಎತ್ತತ್ತೆ, ಬಟ್ಟೆ ಜೋಳಿಗೇಲಿ ಕೂರ್ಸಿ, ಮಗು ಥರ, ಸೇಫು — ಹೌದು ತಾಯಿ, ಸೇಫು, ಜೋಳಿಗೆಗೆ ನಾಲ್ಕು ಕುಣಿಕೆ, ಯಂತ್ರಕ್ಕೆ ನಾಲ್ಕು ಕೊಕ್ಕೆ, ಆಚೆ ಒಬ್ಬಳು ಈಚೆ ಒಬ್ಬಳು ನಿಂತು ಸಿಕ್ಕಿಸಬೇಕು ಅಂತ ಯಂತ್ರದ ಮೇಲೇ ಚಿತ್ರ ಬರೆದಿದೆ, ಆದರೆ ಆಚೆ ಗೋಡೆ, ಈಚೆ ದಪ್ಪಕ್ಕ, ಇಡೀ ಮಹಡಿಗೆ ಅವಳೊಬ್ಬಳೇ ಆಯಾ, ಮೂರು ಸಾಕು ಅಜ್ಜಿ, ನಾಲ್ಕನೇದು ನಂಗೆ ಎಟುಕಲ್ಲ, ನೀವು ಮೆಷಿನ್ ಕಂಬಿ ಗಟ್ಟಿ ಹಿಡ್ಕೊಳ್ಳಿ ಅನ್ನುತ್ತಾಳೆ, ಹಿಡಿಯುತ್ತೇನೆ, ಲಕ್ವ ಹೊಡೆದು ಬಲಭಾಗ ಹೋಯಿತು, ಅದರ ಹಿಂದೆಯೇ ಮಾತೂ ಹೋಯಿತು, ಉಳಿದದ್ದು ಈ ಎಡಗೈ, ಓಡುವ ಬಸ್ಸಿನಲ್ಲಿ ಜೀವಮಾನವೆಲ್ಲ ಕಂಬಿ ಹಿಡಿದು ನಿಂತ ಕಂಡಕ್ಟರ್ ಕೈ, ಅದು ಬಿಡುವುದಿಲ್ಲ. ಬಾಯಿದ್ದವ ಬರಗಾಲದಲ್ಲೂ ಬದುಕಿದನಂತೆ, ನಾನು ಈ ಕೈಯಿಂದ ಬದುಕಿದ್ದೇನೆ.

ಟೀಚರಮ್ಮನ ಕೈಯಲ್ಲಿ ಕಂಬಿ ನಿಲ್ಲುತ್ತಿರಲಿಲ್ಲ, ಕಿಟಕಿ ಪಕ್ಕದ ಮಂಚದವಳು, ನನ್ನನ್ನು ಕಂಡರೆ ಮೂಗು ಮುರಿಯುತ್ತಿದ್ದಳು, ಬಸ್ ಕಂಡಕ್ಟರ್ ಪಕ್ಕ ಮಲಗೋದೂ ಬರ್ದಿತ್ತು ನೋಡಿ ನನ್ ಹಣೇಲಿ ಅನ್ನುತ್ತಿದ್ದಳು, ಅದಲ್ಲ ಬರೆದಿದ್ದದ್ದು — ಜೋಳಿಗೆ ಮೇಲೆದ್ದಿತು, ಸಿಕ್ಕಿಸದ ಮೂಲೆ ಬಾಯಿ ತೆರೆಯಿತು, ಜಾರಿದಳು, ಹಿಟ್ಟಿನ ಮೂಟೆ ಬಿದ್ದ ಸದ್ದು, ನನಗೆ ಮೊದಲು ಬಂದದ್ದು ನಗು, ನಿಜ, ಆಮೇಲೆ ತಲೆಯೆತ್ತಿ ನೋಡಿದರೆ ಖಾಲಿ ಕೊಕ್ಕೆ ತೂಗುತ್ತಿತ್ತು, ಮೆಲ್ಲಗೆ, ನಗು ಅಲ್ಲೇ ಸತ್ತಿತು. ಸೊಂಟ ಮುರಿದುಕೊಂಡವಳು ವಾರ ದಾಟಲಿಲ್ಲ, ಒಬ್ರೇ ಮಂಚ ಇಳಿಯೋಕೆ ಹೋದ್ರು, ಎಷ್ಟ್ ಹೇಳಿದ್ರೂ ಕೇಳ್ತಿರ್ಲಿಲ್ಲ, ಆಶ್ರಮ ನಡೆಸುವ ಮೇಡಂ ಅವಳ ಮಗನಿಗೆ ಹೇಳಿದ್ದು ನನ್ನೆದುರೇ, ನಾನೊಂದು ಮೇಜು ಅನ್ನುವ ಹಾಗೆ, ಆ ಮಹಾಪುತ್ರ ತಲೆಯಾಡಿಸಿದ, ಅಮ್ಮಂದು ಮೊದ್ಲಿಂದ್ಲೂ ಹಠ. ಇರಲಿ, ಇವತ್ತು ಅಧಿಕಾರಿ ಬರುತ್ತಾನಲ್ಲ, ಮಾತಿಲ್ಲದಿದ್ದರೇನು, ತೋರಿಸುತ್ತೇನೆ, ಟೀಚರಮ್ಮನಿಗಾಗಿ ಅಲ್ಲ, ನನ್ನ ಮೂಳೆಗಳಿಗಾಗಿ — ಬಂದ, ಹೊಳೆಯುವ ಬೂಟು, ಕೈಯಲ್ಲಿ ಪೆನ್ನು, ಹಿಂದೆ ಮೇಡಂ ನಗು, ಅವಳ ಹಿಂದೆ ಇನ್ನೊಂದು ಶಾಖೆಯಿಂದ ವ್ಯಾನಿನಲ್ಲಿ ಹೇರಿ ತಂದ ಆಯಾಗಳು, ಮಡಿಕೆ ಬಿಡದ ಸಮವಸ್ತ್ರ, ಒಬ್ಬಳಿಗೂ ಬಚ್ಚಲು ಯಾವ ಕಡೆ ಅಂತ ಗೊತ್ತಿಲ್ಲ, ಒಂದ್ಸಲ ಎತ್ತಿ ತೋರ್ಸಿ ಅಂದ ಅಧಿಕಾರಿ, ಆಚೆ ಇಬ್ಬರು ಈಚೆ ಇಬ್ಬರು, ಟಕ್ ಟಕ್ ಟಕ್ ಟಕ್, ನಾಲ್ಕೂ ಕೊಕ್ಕೆ, ಹೂವಿನ ಹಾಗೆ ಎದ್ದೆ, ಎಲಾ, ಬದುಕಿನಲ್ಲಿ ಇಷ್ಟು ಜನ ನನ್ನನ್ನು ಹಿಡಿದದ್ದೇ ಇಲ್ಲ. ಎಡಗೈ ಚಾಚಿದೆ, ಬಲಗಡೆಯ ಆ ನಾಲ್ಕನೇ ಕುಣಿಕೆ ಹಿಡಿದು ಜಗ್ಗಿದೆ, ಇದನ್ನು ಸಿಕ್ಕಿಸುವುದಿಲ್ಲ ಕಣಯ್ಯಾ, ದಿನಾ ಇದನ್ನು ಸಿಕ್ಕಿಸುವುದೇ ಇಲ್ಲ, ನೋಡು, ಮತ್ತೆ ಜಗ್ಗಿದೆ, ಜೋಳಿಗೆ ಹೊಯ್ದಾಡಿತು, ಅಯ್ಯಯ್ಯೋ ಅಂತ ಮೇಡಂ ಎದೆ ಹಿಡಿದುಕೊಂಡಳು, ನೋಡಿದ್ರಾ ಸಾರ್, ಹೀಗೇನೇ, ಆ ಟೀಚರಮ್ಮನೂ ಹೀಗೇ ಮಾಡ್ಕೊಂಡಿದ್ದು, ಅಧಿಕಾರಿ ಬಗ್ಗಿ ನನ್ನ ಮುಖ ನೋಡಿದ, ಕಣ್ಣಲ್ಲಿ ನಿಜವಾದ ಕರುಣೆ, ಮೇಡಂ ಕಡೆ ತಿರುಗಿ ಅಂದ, ಎತ್ತೋವಾಗ ಆ ಕೈಗೊಂದು ಪಟ್ಟಿ ಹಾಕಿ, ಮೈಗೆ ಸೇರ್ಸಿ ಕಟ್ಬಿಡಿ, ಅಜ್ಜಿ ಸೇಫ್ಟಿಗೆ.

ವ್ಯಾನು ಹೋಯಿತು, ಬಂದವರೆಲ್ಲ ಹೋದರು, ಹೆಚ್ಚುವರಿ ಮಂಚ ಮುದುಕಿಯ ಸಮೇತ ವಾಪಸ್ಸು ಬಂತು, ಗೋಡೆ ಮತ್ತೆ ಮೂಗಿಗೆ ತಾಗಿತು, ಮಾಡಿದ್ದುಣ್ಣೋ ಮಾರಾಯ, ಸುಮ್ಮನೆ ಬಿದ್ದಿರಬಾರದಿತ್ತೇ ನಾನು, ದಪ್ಪಕ್ಕ ಬಂದಳು, ಒಬ್ಬಳೇ, ಬನ್ನಿ ಅಜ್ಜಿ ಸ್ನಾನ, ಹೊಸ ಪಟ್ಟಿ, ನನ್ನ ಎಡಗೈ ನನ್ನದೇ ಪಕ್ಕೆಗೆ ಬಿಗಿಯುತ್ತಿದ್ದಾಳೆ, ಬೇಡವೇ, ದಪ್ಪಕ್ಕಾ, ಬೇಡ, ಅವಳ ಮುಂಗೈಗೆ ಉಗುರು ಊರಿದೆ, ಹಂಗ್ ನೋಡ್ಬೇಡಿ ಅಜ್ಜಿ, ಬಿಚ್ಚಿದ್ರೆ ನನ್ ಕೆಲ್ಸ ಹೋಗತ್ತೆ, ಸಾಹೇಬ್ರ ಆರ್ಡರ್ರು, ಅವಳ ಕಣ್ಣು ಗೋಡೆಯ ಸಂದಿಗೆ ಹೋಯಿತು, ನಾಲ್ಕನೇದಕ್ಕೆ ಕೈ ಚಾಚಿದಳು, ಎಟುಕಲಿಲ್ಲ, ಕೆಳಗೆ ಯಾರೋ ಆಯಾ ಆಯಾ ಅಂತ ಕೂಗುತ್ತಿದ್ದಾರೆ, ಮೂರು ಸಾಕು ಬಿಡಿ, ಗುಂಡಿ ಒತ್ತಿದಳು, ಬೆನ್ನು ಮಂಚ ಬಿಟ್ಟಿತು, ಸೊಂಟ ಬಿಟ್ಟಿತು, ಕೈ ಕಂಬಿ ಹುಡುಕುತ್ತಿದೆ ಪಟ್ಟಿಯೊಳಗೆ, ಬಲಗಡೆ ಬಟ್ಟೆ ಸಡಿಲ, ಬಲಗಡೆ ಗಾಳಿ, ತಲೆಯ ಮೇಲೆ ಅದು, ಖಾಲಿ, ತೂಗುತ್ತಿದೆ, ಮೆಲ್ಲಗೆ, ಖಾಲಿ ಕೊಕ್ಕೆ, ತೂಗುತ್ತಿದೆ, ಕೊಕ್ಕೆ —