ಬಿಳಿ ಪುಟದ ಮಂತ್ರವಾದಿ

ಹೋದ ಬೇಸಿಗೆಯಲ್ಲಿ ಊರಿಗೆ ಊರೇ ಕರೆಂಟು ಹೋದಾಗ, ಆಸ್ಪತ್ರೆಯ ನಲವತ್ತು ಕಂಪ್ಯೂಟರುಗಳನ್ನು ಮೂರು ತಾಸು ಬರೀ ಬೈಗುಳದ ಬಲದಿಂದ ಓಡಿಸಿದವನು ಅವನು. ವೈರ್ ಇಲ್ಲ, ಬ್ಯಾಟರಿಯಿಲ್ಲ, ಒಂದೊಂದರ ಮುಂದೆ ನಿಂತು ಒಂದೊಂದು ಬೈಗುಳ, ಅಷ್ಟೇ. ಮೂಲೆಯ ಮುದಿ ಪ್ರಿಂಟರಿಗೆ ಅದೂ ಬೇಕಾಗಲಿಲ್ಲ, ಕಣ್ಣು ಕೆಕ್ಕರಿಸಿದ್ದಕ್ಕೇ ಎರಡು ಹಾಳೆ ಉಗುಳಿತು.

"ಮೂರನೇ ಹಾಳೆ ಕೇಳೋಷ್ಟರಲ್ಲಿ ಪ್ರಿಂಟರೇ ಕಾಲಿಗೆ ಬಿತ್ತು ನೋಡಿ ಅಕ್ಕ," ಎಂದು ಅವನು ಕಿಟಕಿಯಾಚೆಯ ಹೆಂಗಸಿಗೆ ಹೇಳಿ ಮುಗಿಸಿದ.

"ಹೋದ ಸೋಮವಾರ ಮೂವತ್ತು ಕಂಪ್ಯೂಟರ್ ಅಂದಿದ್ದೆ. ಒಂದು ವಾರದಲ್ಲಿ ಹತ್ತು ಮರಿ ಹಾಕ್ತಾ?" ಎಂದಳು ಅವಳು. ಆಮೇಲೆ ಕೈಚೀಲದಿಂದ ಒಂದು ಫೋನು ತೆಗೆದು ಕಟ್ಟೆಯ ಮೇಲಿಟ್ಟಳು. ಇನ್ನೊಂದು ತೆಗೆದಿಟ್ಟಳು. ಮತ್ತೊಂದು.

ನರ್ಸುಗಳು ಅವನಿಗೆ ಮಂತ್ರವಾದಿ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯೆಂದೇ ಅವನ ನಂಬಿಕೆ. ರೋಗಿಗಳ ಹಳೆಯ ರಿಪೋರ್ಟುಗಳನ್ನೆಲ್ಲ ಆಸ್ಪತ್ರೆಯ ವೆಬ್‌ಸೈಟಿಗೆ ಏರಿಸುವುದು, ತೆರೆಯಲಾಗದೆ ಬಂದವರಿಗೆ ತೆರೆದು ಕೊಡುವುದು ಅವನ ಕೆಲಸ. ಈ ಹೆಂಗಸು ಟೇಲರು. ಕುತ್ತಿಗೆಯಿಂದ ಅಳತೆಯ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದಳು. ಹೋದ ವಾರ ಅವನು ಅವಳನ್ನು "ನಿಮ್ಮ ಫೋನು ನಿಮಗಿಂತ ಹಳೇದು ಅಕ್ಕ, ಬ್ರೌಸರ್ ಬದಲಿಸಿ" ಎಂದು ಸಾಗಹಾಕಿದ್ದ.

"ಇದು ನಂದು," ಎಂದು ಅವಳು ಒಂದನೆಯದನ್ನು ಮುಟ್ಟಿದಳು. "ಇದು ಪಕ್ಕದ ಮನೆಯವರದು. ಇದು ಕಾಲೇಜು ಮೇಷ್ಟ್ರದು, ತಗೊಂಡು ಎರಡು ತಿಂಗಳಾಗಿಲ್ಲ. ಕೊಡಲ್ಲ ಅಂದ್ರು. ಹಾಗಾದ್ರೆ ನಿಮ್ಮ ಪ್ಯಾಂಟೂ ನಾನು ಕೊಡಲ್ಲ ಅಂದೆ. ಮೂರಕ್ಕೂ ಒಂದೇ ರೋಗನಾ ಹೇಳಪ್ಪ."

ಮೂರೂ ಫೋನುಗಳಲ್ಲಿ ಅವಳ ತಂಗಿಯ ಹೆಸರಿತ್ತು, ದಿನಾಂಕವಿತ್ತು, 'ಚಿಕಿತ್ಸೆಯ ವಿವರ' ಎಂಬ ನೀಲಿ ಸಾಲಿತ್ತು. ಆ ಸಾಲನ್ನು ಒತ್ತಿದರೆ ಸುಣ್ಣ ಬಳಿದ ಗೋಡೆಯಂಥ ಬಿಳಿ ಪುಟ.

ದಿನಾಂಕ ನೋಡಿದ ಕೂಡಲೇ ಮಂತ್ರವಾದಿ ಫೋನುಗಳನ್ನು ಅವಳ ಕಡೆಗೇ ಸರಿಸಿದ. ಏನೂ ಗೊತ್ತಿಲ್ಲದವನಂತೆ ಕೇಳಿದ, "ಅಷ್ಟು ಅರ್ಜೆಂಟಾ?"

"ಆರು ವರ್ಷದ ಹಿಂದೆ ಇಲ್ಲೇ ಅವಳಿಗೆ ಕೆಂಪು ಮದ್ದು ಏರಿಸಿದ್ರು. ಕ್ಯಾನ್ಸರ್ ಗಡ್ಡೆ ಕರಗಿತು. ಈಗ ಮತ್ತೆ ಬಂದಿದೆ. ಅದೇ ಮದ್ದಿಗೆ ಮತ್ತೆ ಬಗ್ಗುತ್ತೆ ಅಂತಾರೆ ಡಾಕ್ಟರಮ್ಮ. ಆದ್ರೆ ಅದಕ್ಕೆ ಜನ್ಮಕ್ಕಿಷ್ಟೇ ಅಂತ ಒಂದು ಅಳತೆ ಇದೆಯಂತೆ. ಮೀರಿದ್ರೆ ಹೃದಯಕ್ಕೇ ಪೆಟ್ಟು. ಆವಾಗ ಎಷ್ಟು ಕೊಟ್ಟಿದ್ರು ಅಂತ ತಿಳೀದೆ ಒಂದು ತೊಟ್ಟೂ ಕೊಡಲ್ಲ ಅಂದಿದಾರೆ. ಬೇರೆ ಮದ್ದು ಇದೆ, ಅದರಲ್ಲಿ ಅಂಥ ಕಸುವಿಲ್ಲ. ಹನ್ನೆರಡು ಗಂಟೆಗೆ ಯಾವುದು ಅಂತ ತೀರ್ಮಾನ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಕಾಲು.

"ಮನೇಲಿ ಹಳೇ ಕಾಗದ ಇರಬೇಕಲ್ಲ?"

ಅವಳು ಅವನ ತಲೆಯ ಮೇಲಿನ ಫಲಕ ತೋರಿಸಿದಳು. 'ಇನ್ನು ಕಾಗದದ ಹಂಗಿಲ್ಲ. ನಿಮ್ಮ ಹಳೆಯ ಕಡತ ನಮಗೆ ಕೊಡಿ, ಬೆರಳ ತುದಿಯಲ್ಲಿ ಪಡೆಯಿರಿ.' ಬರೆದವನು ಅವನೇ. ಬರೆದ ದಿನ, ಈ ಸಾಲಿಗೆ ಮೂರು ಆಸ್ಪತ್ರೆಗಳು ಜಗಳಕ್ಕೆ ಬಿದ್ದಿವೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ.

"ನಿನ್ನ ಕೈಗೇ ಕೊಟ್ಟೆನಲ್ಲಪ್ಪ," ಎಂದಳು.

ಅವನು ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದ. ಅಂಗಿಯ ತೋಳು ಮಡಚಿದ, ಬೆರಳು ನೆಟಿಗೆ ಮುರಿದ. ಪುಟವನ್ನು ಮತ್ತೆ ಮತ್ತೆ ತೆರೆದ. ಬ್ರೌಸರಿನ ಹಳೆಯ ನೆನಪನ್ನೆಲ್ಲ ಅಳಿಸಿದ. "ಇವುಗಳ ಹೊಟ್ಟೇಲಿ ತಿಂಗಳುಗಟ್ಟಲೆ ತಿಂದದ್ದು ಕೊಳೀತಿರುತ್ತೆ, ಮೊದಲು ಭೇದಿ ಮಾಡಿಸಬೇಕು," ಎಂದ. ಹೊಸ ಕಿಟಕಿ ತೆರೆಯದಂತೆ ತಡೆಯುವ ಬೀಗ ತೆಗೆದ. ಇನ್ನೊಂದು ಬ್ರೌಸರು ತಂದ, ಅದರಲ್ಲೂ ಬಿಳಿ. ಪುಟದಲ್ಲೇ ತೋರಿಸಬೇಡ, ಇಳಿಸಿಕೊಡು ಎಂದು ಆಜ್ಞೆಯಿತ್ತ. ಇಳಿಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯಿತು.

"ನೋಡಿ ವೇಗ," ಎಂದ. ಧ್ವನಿ ಅವನ ಕಿವಿಗೇ ಹುಸಿಯಾಗಿ ಕೇಳಿಸಿತು.

ಯಾವ ಬ್ರೌಸರಿಗೂ ಯಾವ ರೋಗವೂ ಇಲ್ಲವೆಂದು ಅವನಿಗೆ ಎಂಟು ತಿಂಗಳಿಂದ ಗೊತ್ತಿತ್ತು.

ಒಂದೂವರೆ ವರ್ಷದ ಹಿಂದೆ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಕಡತಗಳನ್ನು ಸಾಗಿಸಿದ್ದು ಅವನೇ. ದಿನಾಂಕದ ಸಾಲಿನಲ್ಲಿ ಸಾಗುತ್ತಿದ್ದಾಗ ಅರ್ಧ ದಾರಿಯಲ್ಲೇ ಹೊಸ ಡಿಸ್ಕು ತುಂಬಿಹೋಗಿತ್ತು. ತುಂಬಿದ ಬಸ್ಸಿಗೆ ಟಿಕೆಟ್ಟು ಹರಿದಂತೆ ಆಮೇಲೆ ಹೆಸರುಗಳಷ್ಟೇ ಹತ್ತಿದವು, ಜನ ಹತ್ತಲಿಲ್ಲ. ಅವನು ಮೊದಲ ನೂರು ತೆರೆದು ನೋಡಿ, ಉಳಿದವನ್ನು ಎಣಿಸಿದ. ಆ ಕಡೆ ಎಷ್ಟು ಹೆಸರೋ ಈ ಕಡೆಯೂ ಅಷ್ಟೇ. 'ಮೂರು ಲಕ್ಷದ ಎರಡು ಸಾವಿರದ ಹನ್ನೊಂದು ಕಡತ, ಒಂದೂ ಕಳೆದಿಲ್ಲ' ಎಂದು ಮೇಲಿನವರಿಗೆ ಬರೆದುಕೊಟ್ಟ. ಜೀವಮಾನದಲ್ಲಿ ಅವನು ಒಂದನ್ನೂ ಸೇರಿಸದೆ ಹೇಳಿದ ಸಂಖ್ಯೆ ಅದೊಂದೇ. ಅದೇ ಸುಳ್ಳಾಯಿತು. ಮಾರನೆಯ ದಿನ ಹಳೆಯ ಡಿಸ್ಕನ್ನು ಒರೆಸಿ ಬೇರೆ ಕೆಲಸಕ್ಕೆ ಕೊಟ್ಟ. ಕಾಗದವೆಲ್ಲ ಅದಕ್ಕೂ ಮೊದಲೇ ಕಾಗದದ ಕಾರ್ಖಾನೆ ಸೇರಿ ರಟ್ಟಾಗಿತ್ತು.

ಖಾಲಿ ಕಡತಗಳು ಕಣ್ಣಿಗೆ ಬಿದ್ದು, ಅವನ್ನು ಎಣಿಸಿದ ದಿನವೇ ಹೇಳಬಹುದಿತ್ತು. ನಾಳೆ ಹೇಳೋಣ ಎಂದುಕೊಂಡ. ಅಷ್ಟರಲ್ಲಿ ಯಾರೋ ಬಂದರು, 'ನಿಮ್ಮ ಬ್ರೌಸರ್ ಸರಿಯಿಲ್ಲ' ಎಂಬ ಮಾತು ತಾನಾಗಿ ಬಾಯಿಗೆ ಬಂತು, ಅವರು ನಂಬಿ ಹೋದರು. ಒಬ್ಬಾತ ಹೊಸ ಫೋನನ್ನೇ ಕೊಂಡು ಬಂದ. ಆತನಿಗೆ ಇಂಟರ್ನೆಟ್ಟು ಬದಲಿಸಲು ಹೇಳಿದ. ಆತ ಮತ್ತೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಮಂತ್ರವಾದಿ ವಿಚಾರಿಸಲೂ ಹೋಗಲಿಲ್ಲ.

"ಅಲ್ಲಪ್ಪ," ಎಂದಳು ಟೇಲರು. ಅವಳ ಬೆರಳು ಪರದೆಯ ಬಲ ತುದಿಯಲ್ಲಿತ್ತು. ಅವನು ಮಂತ್ರದ ಭರದಲ್ಲಿ ಕಡತಗಳಿರುವ ಜಾಗವನ್ನೇ ತೆರೆದಿಟ್ಟಿದ್ದ. "ಇದೇನು ಈ ಕಡೆ ಅಂಕಿ?"

"ಅದೇನಿಲ್ಲ ಅಕ್ಕ. ಗಾತ್ರ."

"ಅಂದ್ರೆ ಅಳತೆ."

"ಹೂಂ."

"ನನ್ನ ತಂಗಿ ಹೆಸರಿನ ಮೇಲಿನ ಸಾಲಿನದು ನಾನೂರ ಹನ್ನೆರಡು. ಅದರ ಮೇಲಿನದು ಆರುನೂರು ಚಿಲ್ಲರೆ. ಇವಳದು ಸೊನ್ನೆ. ಇಲ್ಲಿಂದ ಕೆಳಗೆ ಎಲ್ಲಾ ಸೊನ್ನೆ." ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಓದಿದ್ದು ಕಮ್ಮಿ, ಅಳತೆ ನೋಡಿದ್ದು ಜಾಸ್ತಿ. ಎದೆ ಸೊನ್ನೆ, ತೋಳು ಸೊನ್ನೆ ಅಂತ ಬರೆದಿದ್ರೆ ಒಳಗೆ ಆಳೇ ಇಲ್ಲ ಅಂತ ತಾನೇ?"

ಅವನು ಮೌಸು ಅಲ್ಲಾಡಿಸಿದ. ಬಾಣದ ಗುರುತು ಪರದೆಯ ಮೇಲೆ ಅತ್ತಿತ್ತ ಓಡಾಡಿ ಮೂಲೆಗೆ ಹೋಗಿ ನಿಂತಿತು.

"ಯಾವಾಗಿಂದ ಗೊತ್ತು ನಿನಗೆ?"

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನಿಗೂ ಒಂದು ಮಾತು ಸಿಗುತ್ತಿತ್ತು. ಅವಳು ಮೂರು ಫೋನುಗಳನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿದಳು.

"ಎದ್ದೇಳು. ಮೇಲೆ ಬಾ, ಡಾಕ್ಟರಮ್ಮನ ಹತ್ರ. ನಾನು ಹೇಳಿದ್ರೆ ಇವಳಿಗೆ ಬ್ರೌಸರ್ ಗೊತ್ತಾಗಲ್ಲ ಅಂತಾರೆ. ನೀನೇ ಹೇಳು."

ಮೆಟ್ಟಿಲು ಹತ್ತುವಾಗ ಅವನ ತಲೆಯಲ್ಲಿ ಸುಳ್ಳುಗಳು ಸಾಲುಗಟ್ಟಿ ನಿಂತವು. ವೈರಸ್ಸು ತಿಂದಿತು. ಕಂಪನಿಯವರು ಮೋಸ ಮಾಡಿದರು. ಸಿಡಿಲು ಬಡಿಯಿತು, ಒಂದಲ್ಲ, ಏಳು ಸಿಡಿಲು, ಒಂದರ ಹಿಂದೊಂದು. ಏಳೂ ಚೆನ್ನಾಗಿದ್ದವು. ಮುಂದೆ ಹೋಗುತ್ತಿದ್ದ ಅವಳ ಬೆನ್ನ ಮೇಲೆ ಟೇಪಿನ ತುದಿ ತೂಗಾಡುತ್ತಿತ್ತು.

ವಾರ್ಡಿನ ಕೊನೆಯ ಮಂಚದ ಬಳಿ ಡಾಕ್ಟರಮ್ಮ ಹಾಳೆ ಹಿಡಿದು ನಿಂತಿದ್ದರು. ತಂಗಿ ದಿಂಬಿಗೊರಗಿ ಕೂತಿದ್ದಳು. ತಲೆಗೆ ಸುತ್ತಿದ ಬಟ್ಟೆಯ ಅಂಚು ನೇರವಾಗಿತ್ತು, ಅಕ್ಕನ ಹೊಲಿಗೆಯಿರಬೇಕು. ಅವನನ್ನು ನೋಡಿ ಅವಳ ಮುಖ ಅರಳಿತು.

"ಇವರೇನಾ ಅಕ್ಕ? ಬೈದು ಬೈದು ಕಂಪ್ಯೂಟರ್ ಓಡಿಸಿದೋರು?" ಎಂದಳು. "ವಾರದಿಂದ ಅದನ್ನೇ ನೆನೆಸ್ಕೊಂಡು ನಗ್ತಿದ್ದೀನಿ. ಯಾವ ಬೈಗುಳ ಸಾರ್? ನನಗೂ ಒಂದು ಹೇಳಿಕೊಡಿ, ಈ ಗಡ್ಡೆಗೆ ಬೈದು ನೋಡ್ತೀನಿ."

ಅಕ್ಕ ಕಿಟಕಿಯ ಕಡೆ ತಿರುಗಿದಳು.

"ಇಲ್ಲಮ್ಮ," ಎಂದ ಅವನು. "ಅವತ್ತು ಜನರೇಟರ್ ಇತ್ತು. ನಾನು ರಜೆಯಲ್ಲಿದ್ದೆ."

ತಂಗಿ ಇನ್ನೂ ನಗುತ್ತಲೇ ಇದ್ದಳು, ಮುಂದಿನ ಮಾತಿಗೆ ಕಾಯುತ್ತ.

"ರಿಪೋರ್ಟು?" ಎಂದರು ಡಾಕ್ಟರಮ್ಮ. "ತೆರೀತಾ ಇಲ್ವೋ, ಇಲ್ಲವೇ ಇಲ್ವೋ?"

"ಇಲ್ಲವೇ ಇಲ್ಲ ಡಾಕ್ಟರಮ್ಮ. ಹೆಸರು ಮಾತ್ರ ಇದೆ. ಸಾಗಿಸಿದಾಗ ನಾನು ಹೆಸರು ಎಣಿಸಿದೆ, ಎಲ್ಲ ತೆರೆದು ನೋಡಲಿಲ್ಲ. ಎಂಟು ತಿಂಗಳಿಂದ ಗೊತ್ತಿತ್ತು. ಬಂದವರಿಗೆಲ್ಲ ನಿಮ್ಮ ಫೋನ್ ಸರಿಯಿಲ್ಲ ಅಂದೆ."

"ಇಂಥವು ಎಷ್ಟಿವೆ?"

ನಾಲಿಗೆ ಅಭ್ಯಾಸದಂತೆ ಹೊರಳಿತು, ಈ ಸಲ ಕಮ್ಮಿ ಮಾಡುವ ಕಡೆಗೆ. ಅವನು ಅದನ್ನು ಹಲ್ಲಿನಲ್ಲಿ ಒತ್ತಿ ಹಿಡಿದ.

"ಒಂದು ಲಕ್ಷದ ಹದಿನೆಂಟು ಸಾವಿರದ ನಾನೂರ ಆರು," ಎಂದ.

ಡಾಕ್ಟರಮ್ಮನ ಕೈಯ ಹಾಳೆಯಲ್ಲಿ ಕೆಂಪು ಮದ್ದಿನ ಹೆಸರು ಬರೆದಿತ್ತು. ಪಕ್ಕದಲ್ಲಿ ಎಷ್ಟು ಎಂದು ತುಂಬುವ ಚೌಕ ಖಾಲಿಯಿತ್ತು. ಅವರು ಪೆನ್ನನ್ನು ಸ್ವಲ್ಪ ಹೊತ್ತು ಅದರ ಮೇಲೆ ಹಿಡಿದಿದ್ದು, ಆಮೇಲೆ ಕ್ಯಾಪು ಹಾಕಿ ಜೇಬಿಗಿಟ್ಟರು. ಅಕ್ಕ ಬಂದು ಮಂಚದ ತುದಿಯಲ್ಲಿ ಕೂತು, ಕುತ್ತಿಗೆಯ ಟೇಪು ತೆಗೆದು, ಮೊದಲಿನಿಂದ ನಿಧಾನವಾಗಿ ಸುತ್ತತೊಡಗಿದಳು.