ಚಕ್ರಕ್ಕೆ ಹಚ್ಚಿದ ಕೆಸರು

ನನ್ನ ಗಂಡ ಗವಿಸಿದ್ದೇಶ್ ಕೊನೆಯದಾಗಿ ಮಾಡಿದ ಕೆಲಸವೆಂದರೆ ಒಂದು ಪುಟ್ಟ ಲಾರಿಯ ಚಕ್ರಗಳಿಗೆ ಕೆಸರು ಹಚ್ಚಿದ್ದು.

ಎಪ್ಪತ್ತೊಂದರ ಯುದ್ಧದಲ್ಲಿ ಅವರ ತಾಯಿಯ ತಂದೆ ಓಡಿಸಿದ್ದ ಸೇನೆಯ ಲಾರಿಯ ಮಾದರಿ ಅದು. ಅಳತೆಯಲ್ಲಿ ಮೂಲದ ಮೂವತ್ತೈದರಲ್ಲಿ ಒಂದು ಪಾಲು. ಅಂಗೈ ಮೇಲೆ ನಿಲ್ಲುತ್ತದೆ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಚಿಮಟದಲ್ಲಿ ಹಿಡಿದು ಅಂಟಿಸಿ, ಹಸಿರು ಬಣ್ಣವನ್ನು ಮೂರು ಸಲ ತೆಳುವಾಗಿ ಬಳಿದಿದ್ದರು.

"ಇಷ್ಟು ಹೊಸಾ ಗಾಡಿ ಯುದ್ಧಕ್ಕ ಹೋಗಿತ್ತಂದ್ರ ಯಾರ್ ನಂಬ್ತಾರ?" ಎಂದು ನನ್ನ ಕಡೆ ನೋಡಿ ನಕ್ಕರು. ಕೂಡ್ಲಿಗಿ ರಸ್ತೆ ಬದಿಯ ಕೆಂಪು ಮಣ್ಣನ್ನು ನನ್ನ ಹಳೆಯ ವೇಲಿನಲ್ಲಿ ಸೋಸಿ, ಗೋಂದಿನ ನೀರಿನಲ್ಲಿ ಕಲಸಿ, ಬೆರಳಿನಿಂದಲೇ ಒತ್ತಿದರು. ಮುಂದಿನ ಮಡ್‌ಗಾರ್ಡಿನ ಮೇಲೆ ಅವರ ಹೆಬ್ಬೆರಳಿನ ಗೆರೆಗಳು ಹಾಗೇ ಒಣಗಿ ಉಳಿದವು. ಮರುದಿನ ಎದೆನೋವು. ಮೂವತ್ತನಾಲ್ಕು ವರ್ಷ.

ನಾಲ್ಕು ತಿಂಗಳು ಆ ಲಾರಿಯನ್ನು ನಾನು ಮುಟ್ಟಲಿಲ್ಲ. ಧೂಳು ಒರೆಸಲೂ ಇಲ್ಲ. ಅವರ ಅಂಗಿಗಳನ್ನೆಲ್ಲ ಯಾರ್ಯಾರೋ ಒಯ್ದಿದ್ದರು. ಆ ಗೆರೆಗಳಷ್ಟೇ ನನಗೆ ಬೇಕಿತ್ತು.

ಆಯುಧಪೂಜೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಅತ್ತೆ ಕೊಟ್ರಬಸಮ್ಮ ಅಂಗಳದಲ್ಲಿ ಕುಳಿತಿದ್ದರು. ಬೈಕು ತೊಳೆದಾಗಿತ್ತು. ಮಡಿಲಲ್ಲಿ ಲಾರಿ, ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು.

"ಬಾ ಅಮೃತಾ. ನಿನ್ನ ಗಂಡ ಎಂಥಾ ಸೋಂಬೇರಿ ನೋಡು, ಗಾಲಿ ತುಂಬಾ ರಾಡಿ ಹಂಗಾ ಬಿಟ್ಟಾನ. ನಮ್ಮಪ್ಪ ಕಂಡಿದ್ರ ಕಿವಿ ಹಿಂಡತಿದ್ದ. ಸೂಟಿಗೆ ಬಂದ್ರ ಮಂದಿ ಗಾಡಿನೂ ತೊಳದು ಈಬತ್ತಿ ಹಚ್ಚಾವ ಅಂವ."

ಮಡ್‌ಗಾರ್ಡು ಬರೀ ಹಸಿರಾಗಿತ್ತು. ಬಕೆಟ್ಟಿನ ನೀರು ಕೆಂಪಗಿತ್ತು.

"ಅತ್ತಿ, ಆ ನೀರು..."

"ಹೊಲಸು ನೀರು ತಗಂಡು ಏನ್ಮಾಡ್ತಿ?" ಎಂದು ಮೋರಿಗೆ ಚೆಲ್ಲಿದರು.

ಲಾರಿ ತರಲು ಅತ್ತೆ ಮಗನ ಕೋಣೆಗೆ ಹೋಗಿದ್ದರು; ಮಗ ಹೋದಮೇಲೆ ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ಬಾನೆಟ್ಟಿನ ಮೇಲೆ ಮೂರು ಬೆರಳಿಗೆ ಜಾಗವಿರಲಿಲ್ಲ. ಊದಿನಕಡ್ಡಿಯ ತುದಿಯಿಂದ ವಿಭೂತಿಯ ಮೂರು ಗೆರೆ ಎಳೆದರು. ಗಾಲಿಗಿಂತ ನಿಂಬೆಹಣ್ಣೇ ದೊಡ್ಡದಾಯಿತು. ಅದನ್ನು ಕೊಯ್ದು, ನಾಲ್ಕು ಬೀಜ ಆರಿಸಿ, ಗಾಲಿಗೊಂದರಂತೆ ಅಡಿಯಲ್ಲಿಟ್ಟು, ತಮ್ಮ ಉಪಾಯಕ್ಕೆ ತಾವೇ ನಕ್ಕರು. ಆ ನಗು ಕೇಳಿ ನಾಲ್ಕು ತಿಂಗಳಾಗಿತ್ತು.

"ಯಾಕ ಸುಮ್ನ ನಿಂತಿ? ಚಂದ ಆಗಿಲ್ಲೇನು?"

"ಆಗೇತ್ರಿ."

"ಮಾಡೂದು ಇನ್ನೂ ಏನರ ಉಳದಿತ್ತೇನು ಅವಂದು?"

ಅವರ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇತ್ತು.

"ಇಲ್ಲರಿ ಅತ್ತಿ. ತೊಳಿಯೂದಷ್ಟ ಉಳದಿತ್ತು."